ಹೇರಿ

ನನ್ನ ನಕ್ಷೆಗೆ ನನಗಿಂತ ವಯಸ್ಸು ಜಾಸ್ತಿ.
ಸೋವಿಯತ್ ದೇಶ ಇನ್ನೂ ಅದರೊಳಗ
ಗುಲಾಬಿ ಬಣ್ಣದಾಗ ಮಲಗೈತಿ,
ಯಾರೂ ಎಬ್ಬಿಸಿ ಸುದ್ದಿ ಹೇಳಿಲ್ಲ.
ನಮ್ಮೂರು ಇರಬೇಕಾದಲ್ಲಿ ಒಂದು ತೂತು.
ನನಗಿಂತ ಮೊದಲಿನ ಮಾಸ್ತರರೆಲ್ಲ
‘ನಾವು ಇಲ್ಲಿದ್ದೀವಿ, ಇಲ್ಲಿ’ ಅಂತ
ಕೋಲಿನ ತುದಿ ಒತ್ತಿ ಒತ್ತಿ
ಕಾಗದ ಸವೆದು, ಹಿಂದಿನ ಅರಿವಿ ಸವೆದು,
ಈಗ ಬ್ಯಾಡಗಿ ಅಂದರ
ಗೋಡೆಯ ಸುಣ್ಣ.

ಡಿಸೆಂಬರ್. ಸೋಮವಾರ. ಪ್ಯಾಟ್ಯಾಗ ಮೆಣಸಿನಕಾಯಿ ಟೆಂಡರ್.
ಕಿಡಕಿ ಮುಚ್ಚಿದರೂ ಘಾಟು ಒಳಗ ಬರತದ.
ಹಾಜರಿ ಕರೆದರ ಅರ್ಧ ಮಕ್ಕಳು ‘ಹಾಜರ್’ ಅಂತಾವ,
ಉಳಿದವು ಸೀನತಾವ.
ಎರಡಕ್ಕೂ ನಾನು ಗೆರಿ ಹಾಕತೀನಿ.

ಅವತ್ತಿನ ಪಾಠ ಖಂಡಗಳು.
ಏಳೂ ಬಾಯಿಪಾಠ ಮಾಡಿಸಿ ಬ್ಯಾಸತ್ತು
ಒಂದು ಕರಾರು ಹಾಕಿದೆ:
ಯಾವ ದೇಶಕ್ಕ ಕಾಲಿಟ್ಟರೂ
ಅಲ್ಲಿಯ ಹಬ್ಬದ ಮಾತು ಆಡಿ
ಆಮ್ಯಾಲ ಹೊಸ್ತಿಲ ದಾಟಬೇಕು.

ಜಪಾನು: ಅಕೆಮಾಶಿತೆ ಒಮೆದೆತೋ.
ಹಿಂದಿನ ಬೆಂಚು ಕಿಸಕ್ಕಂತು.
‘ಅಕ್ಕೋರ, ನಿಮ್ಮನ್ನ ಕರೀಲಿಕ್ಹತ್ಯಾರ್ರಿ,
ಅಕ್ಕಾ ಮಾಸ್ತರ್ತಿ ಅಂತ!’
ಅವತ್ತಿನಿಂದ ಜಪಾನು ಯಾರೂ ಮರೆತಿಲ್ಲ.

ಫಿನ್ಲೆಂಡಿನದು ಯಾರ ನಾಲಿಗಿಗೂ ಹತ್ತಲಿಲ್ಲ, ನನ್ನದಕ್ಕೂ.
ಅದರ ಬಡಗಲ ತುದಿಗೆ ಈಗ ಹಗಲೂ ಕತ್ತಲಿ ಅಂದೆ.
‘ಕರೆಂಟ್ ಬಿಲ್ ಭಾಳ ಬರತದೇನ್ರಿ?’ ಹಾಲವ್ವನ ಚಿಂತಿ.

ಮೆಕ್ಸಿಕೋ: ಫೆಲೀಸ್ ನಾವಿದಾದ್.
ಇಲ್ಲಿ ಕೋಲು ಊರಿ ನಿಂತು ಹೇಳಿದೆ,
ನಿಮ್ಮವ್ವಗೋಳು ಕುಂತು ತೊಟ್ಟು ಮುರಿಯೋ ಕಾಯಿಗೆ
ಇದು ತವರು, ಹಡಗ ಹತ್ತಿ ಬಂದದ್ದು.
ಒಬ್ಬರೂ ನಂಬಲಿಲ್ಲ.
‘ಇಲ್ಲಿಂದನ ಅಲ್ಲಿಗೆ ಹೋಗಿರಬೇಕ್ರಿ.’
ಹೋಗಲಿ ಬಿಡ್ರಿ, ಪರೀಕ್ಷಾದಾಗ ಹಂಗ ಬರೀಬ್ಯಾಡ್ರಿ.

ಟಾಂಜಾನಿಯಾ: ಹೇರಿ ಯಾ ಮ್ವಾಕಾ ಮ್ಪ್ಯಾ.
ದಾವಲಮಲಿಕ ಎದ್ದು ನಿಂತ.
ಅವರಪ್ಪ ಪ್ಯಾಟ್ಯಾಗ ಹಮಾಲ.
‘ಹೇರಿ ಅಂದರ ನಂಗೊತ್ರಿ. ಚೀಲಾ ಹೇರೋದು.’
ಅಲ್ಲೋ, ಅವರಿಗೆ ಹೇರಿ ಅಂದರ ಒಳ್ಳೇದಾಗಲಿ ಅಂತ.
ಅಂವ ಕುಂಡ್ರಲಿಲ್ಲ. ಬೆರಳು ಮಡಚಿ ಮಡಚಿ
ಏನೋ ಲೆಕ್ಕಾ ಹಾಕಿದ.
‘ನಮ್ಮಪ್ಪ ದಿನಕ್ಕ ಇನ್ನೂರು ಚೀಲಾ ಹೇರತಾನ್ರಿ.’
ಮುಂದ ಮಾತಿಲ್ಲ.
ಕುಂತ.

ಬೆಲ್ಲಿಗೆ ಇನ್ನು ಹತ್ತು ನಿಮಿಷ.
ಸೇವಂತಿ ಲಮಾಣಿ ನಕ್ಷೆಯ ಹತ್ತಿರ ಬಂದಳು:
‘ನಮ್ಮ ತಾಂಡಾದ ಮಾತಿನ ದೇಶ ಯಾವ ಬಣ್ಣದ್ದರಿ?’
ಆಫ್ರಿಕಾದ ಹಸಿರು ನೋಡಿದೆ,
ಮಲಗಿದ ಗುಲಾಬಿ ನೋಡಿದೆ.
ನಿಮ್ಮ ಹಿರೇರು ಎತ್ತಿನ ಮ್ಯಾಲ ಉಪ್ಪು ಹೇರಿಕೊಂಡು
ಎಲ್ಲಾ ಬಣ್ಣ ದಾಟಿ ನಡೆದವರು
ಅಂತ ಹೇಳಬೇಕಂತಿದ್ದೆ.
ಚಂದ ಇತ್ತು ಮಾತು. ಅದು ಉತ್ತರ ಆಗಿರಲಿಲ್ಲ.

ನಿಮ್ಮ ಹಬ್ಬಕ್ಕ ಏನಂತೀರಿ, ಕೇಳಿದೆ.
ದೀಪಾವಳಿ ರಾತ್ರಿ ಹುಡುಗೇರು
ದೀಪ ಹಿಡಕೊಂಡು ಮನಿ ಮನಿ ತಿರಗತೀವ್ರಿ,
ಬಾಗಲ ಮುಂದ ನಿಂತು ಹೇಳತೀವ್ರಿ.
ಇಲ್ಲಿ ಬಾಗಲಾ ಎಲ್ಲೈತ್ರಿ, ಅಂತ ಹುಡುಕಿದಳು.
ಆಮ್ಯಾಲ ತುದಿಗಾಲಲ್ಲಿ ನಿಂತು
ಆ ತೂತಿಗೆ ಬಾಯಿ ಹಚ್ಚಿ
ಮೆಲ್ಲಕ ಅಂದಳು:
‘ಯಾಡಿ, ತೋನ ಮೇರಾ.’

ಗೋಡೆಯ ಆಚೆ ಏಳನೇತ್ತಾ.
ಯಾರೋ ಸೀನಿದರು.
ವರ್ಗಕ್ಕ ವರ್ಗ ಬಿದ್ದು ಬಿದ್ದು ನಕ್ಕಿತು,
ಸೇವಂತಿ ಎಲ್ಲರಿಗಿಂತ ಜೋರು.
ನಾನು ನಕ್ಷೆ ಸುತ್ತಿ ಕಪಾಟಿನ ಮ್ಯಾಲ ಇಟ್ಟೆ,
ತೂತು ಹರಿಯದಂಗ, ಸಾವಕಾಶ.

ಸಂಜೀಕ ಮೂಗಿಗೆ ಸೆರಗು ಹಿಡಿದು ಪ್ಯಾಟಿ ದಾಟತಿದ್ದೆ.
ಲಾರಿಯ ಮ್ಯಾಲ ನಿಂತಾಂವ ಕೂಗತಿದ್ದ,
‘ಹೇರ್ರೀ! ಹೇರ್ರೀ!’
ಕೆಳಗ ಕೆಂಪು ಧೂಳಿನೊಳಗ
ಬೆನ್ನು ಒಂದೊಂದಾಗಿ ಬಗ್ಗತಿದ್ದವು.
ಯಾವುದು ದಾವಲಮಲಿಕನ ಅಪ್ಪಂದೋ ತಿಳೀಲಿಲ್ಲ.
‘ನಿಮಗೂ’ ಅಂದೆ,
ಸೆರಗಿನೊಳಗ.